ಬ್ರೇಕ್ ಒತ್ತಿದಾಗ ಕಾರು ಯಾಕೆ ನಡುಗುತ್ತದೆ? ಡಿಸ್ಕ್ ಬದಲಿಸುವ ಮೊದಲು ನೋಡಬೇಕಾದ್ದು

ಬ್ರೇಕ್ ಒತ್ತಿದ ಕೂಡಲೇ ಸ್ಟೀರಿಂಗ್ ಗಡಗಡ ಅಲುಗಾಡುತ್ತದೆ, ಪೆಡಲ್ ಕಾಲನ್ನು ವಾಪಸ್ ತಳ್ಳುತ್ತಿದೆ ಅನ್ನಿಸುತ್ತದೆ, ವೇಗ ಇಳಿದ ಮೇಲೆ ಎಲ್ಲ ಸುಮ್ಮನಾಗಿಬಿಡುತ್ತದೆ. ಕಾರು ಓಡಿಸುವ ಬಹಳ ಜನರಿಗೆ ಇದು ಗೊತ್ತಿರುವ ಕಾಟ. ಗ್ಯಾರೇಜಿನಲ್ಲಿ ಸಿಗುವ ಉತ್ತರವೂ ಹೆಚ್ಚಾಗಿ ಒಂದೇ: ಡಿಸ್ಕ್ ಬೆಂಡ್ ಆಗಿದೆ, ಬದಲಿಸಿಬಿಡೋಣ. ಬದಲಿಸುತ್ತಾರೆ, ನಡುಕ ಹೋಗುತ್ತದೆ. ಕೆಲವು ಸಾವಿರ ಕಿಲೋಮೀಟರ್ ಓಡಿದ ಮೇಲೆ ಮತ್ತೆ ಅದೇ ನಡುಕ ಶುರು. ಆಗ ಡಿಸ್ಕ್ ಕಳಪೆ ಅಂತಲೋ, ಪ್ಯಾಡ್ ಡೂಪ್ಲಿಕೇಟ್ ಅಂತಲೋ ಅಂದುಕೊಂಡು ಇನ್ನೊಂದು ಸೆಟ್ ಹಾಕಿಸುತ್ತಾರೆ.

ನಾನು ಹೇಳಬೇಕಾದ್ದು ಇದು. ನಡುಗುವ ಡಿಸ್ಕ್ ಬಹಳ ಸಲ ಏಟು ತಿಂದದ್ದು, ಏಟು ಕೊಟ್ಟದ್ದು ಬೇರೆ. ಹಬ್ಬಿನ (ಡಿಸ್ಕೂ ಚಕ್ರವೂ ಕೂರುವ ನಡುವಿನ ಭಾಗ) ಮೇಲಿನ ತುಕ್ಕು, ಹೇಗೆಂದರೆ ಹಾಗೆ ಬಿಗಿದ ವೀಲ್ ನಟ್ಟು, ಸರಿಯಾಗಿ ಜಾರದ ಕ್ಯಾಲಿಪರ್, ಇವುಗಳಲ್ಲಿ ಯಾವುದೋ ಒಂದು ಹಿಂದೆ ಕೂತಿರುತ್ತದೆ. ಅದನ್ನು ಬಿಟ್ಟು ಬರೀ ಡಿಸ್ಕ್ ಬದಲಿಸಿದರೆ ಹೊಸ ಡಿಸ್ಕಿಗೂ ಹಳೆಯದರ ಗತಿಯೇ.

ಡಿಸ್ಕ್ ನಿಜವಾಗಿ ಬೆಂಡ್ ಆಗುತ್ತದೆಯೇ?

ಡಿಸ್ಕ್ ಅಂದರೆ ದಪ್ಪನೆಯ ಎರಕದ ಕಬ್ಬಿಣದ ತಟ್ಟೆ. ಬ್ರೇಕ್ ಒತ್ತಿದಾಗ ಕ್ಯಾಲಿಪರ್ ಎರಡು ಪ್ಯಾಡ್‌ಗಳಿಂದ ಅದನ್ನು ಎರಡೂ ಕಡೆಯಿಂದ ಹಿಡಿಯುತ್ತದೆ, ಓಟದ ಶಕ್ತಿಯೆಲ್ಲ ಬಿಸಿಯಾಗಿ ಡಿಸ್ಕಿಗೆ ಇಳಿಯುತ್ತದೆ. 1200 ಕೆಜಿ ತೂಕದ ಕಾರು ಗಂಟೆಗೆ 100 ಕಿಮೀ ವೇಗದಿಂದ ಪೂರ್ತಿ ನಿಂತರೆ ಸುಮಾರು 460 ಕಿಲೋಜೂಲ್ ಶಕ್ತಿ ಬ್ರೇಕಿನಲ್ಲಿ ಕರಗುತ್ತದೆ. 50ರಿಂದ ನಿಂತರೆ ಅದರ ಕಾಲು ಭಾಗ ಮಾತ್ರ. ಇದರಲ್ಲಿ ಜಾಸ್ತಿ ಪಾಲು ಮುಂದಿನ ಚಕ್ರಗಳ ಮೇಲೆ ಬೀಳುತ್ತದೆ, ಯಾಕೆಂದರೆ ಬ್ರೇಕ್ ಹೊಡೆದಾಗ ಕಾರಿನ ಭಾರ ಮುಂದಕ್ಕೆ ವಾಲುತ್ತದೆ.

ಇಷ್ಟು ಬಿಸಿಗೆ ಡಿಸ್ಕ್ ಸೊಟ್ಟಗಾಗಿಬಿಡುತ್ತದೆ ಅನ್ನುವುದು ಎಲ್ಲೆಡೆ ಇರುವ ನಂಬಿಕೆ. ಆದರೆ ದಿನನಿತ್ಯದ ಓಡಾಟದಲ್ಲಿ ಡಿಸ್ಕ್ ಹಾಗೆ ಬಾಗುವುದು ಅಪರೂಪ. ನಡುಕಕ್ಕೆ ಮುಖ್ಯ ಕಾರಣ ಡಿಸ್ಕಿನ ದಪ್ಪ ಎಲ್ಲ ಕಡೆ ಒಂದೇ ಸಮ ಇಲ್ಲದಿರುವುದು. ಒಂದು ಕಡೆ ಒಂದಿಷ್ಟು ತೆಳು, ಇನ್ನೊಂದು ಕಡೆ ಒಂದಿಷ್ಟು ದಪ್ಪ. ದಪ್ಪ ಭಾಗ ಪ್ಯಾಡ್‌ಗಳ ನಡುವೆ ಬಂದಾಗ ಪ್ಯಾಡನ್ನು ಒತ್ತುವ ಪಿಸ್ಟನ್ ಹಿಂದಕ್ಕೆ ಸರಿಯುತ್ತದೆ, ಬ್ರೇಕ್ ಆಯಿಲ್ ವಾಪಸ್ ಪೆಡಲಿಗೆ ಜೋಡಿಸಿದ ಮಾಸ್ಟರ್ ಸಿಲಿಂಡರ್ ಕಡೆ ತಳ್ಳಲ್ಪಡುತ್ತದೆ, ಅದೇ ನಿಮ್ಮ ಕಾಲಿಗೆ ತಾಗುವ ಮಿಡಿತ. ಅದೇ ಗಳಿಗೆಯಲ್ಲಿ ಹಿಡಿತ ಜಾಸ್ತಿಯಾಗುತ್ತದೆ, ತೆಳು ಭಾಗ ಬಂದಾಗ ಕಡಿಮೆಯಾಗುತ್ತದೆ. ಈ ಏರಿಳಿತವೇ ಸ್ಟೀರಿಂಗ್ ತನಕ ಬಂದು ಕೈ ನಡುಗಿಸುವುದು.

ಎಷ್ಟು ವ್ಯತ್ಯಾಸ ಸಾಕು ಗೊತ್ತಾ? ಒಂದು ಮಿಲಿಮೀಟರಿನ ನೂರನೇ ಒಂದು ಅಥವಾ ಎರಡು ಭಾಗ. 0.01ರಿಂದ 0.02 ಮಿಮೀ. ತಲೆಕೂದಲಿನ ದಪ್ಪವೇ ಸುಮಾರು 0.07 ಮಿಮೀ ಇರುತ್ತದೆ, ಅಂದರೆ ಕೂದಲಿಗಿಂತ ಎಷ್ಟೋ ಸಣ್ಣ ವ್ಯತ್ಯಾಸ. ಕಣ್ಣಿಗೆ ಕಾಣುವುದಿಲ್ಲ, ಬೆರಳಿಗೂ ಸಿಗುವುದಿಲ್ಲ. ಹಾಗಾಗಿ ಡಿಸ್ಕಿನ ಮೇಲೆ ಬೆರಳಾಡಿಸಿ "ಇದು ಸರಿಯಾಗಿದೆ" ಅಂತ ಯಾರಾದರೂ ಹೇಳಿದರೆ ಒಪ್ಪಬೇಡಿ.

ಈಗ ಮುಂದಿನ ಪ್ರಶ್ನೆ. ಹೊಸದಾಗಿ ಬಂದಾಗ ಡಿಸ್ಕ್ ಎಲ್ಲ ಕಡೆ ಒಂದೇ ದಪ್ಪ ಇರುತ್ತದೆ. ಆಮೇಲೆ ಯಾಕೆ ಬದಲಾಗುತ್ತದೆ?

ಮೊದಲ ಕಾರಣ ರನೌಟ್. ಡಿಸ್ಕ್ ಹಬ್ಬಿನ ಮೇಲೆ ನೇರವಾಗಿ ಕೂರದೆ ಒಂದು ಕಡೆ ವಾಲಿದ್ದರೆ, ತಿರುಗುವಾಗ ಸಡಿಲವಾದ ಸೀಲಿಂಗ್ ಫ್ಯಾನಿನ ಹಾಗೆ ಅತ್ತಿತ್ತ ಓಲಾಡುತ್ತದೆ. ಆ ಓಲಾಟಕ್ಕೇ ರನೌಟ್ ಅನ್ನುತ್ತಾರೆ. ವಿಚಿತ್ರ ಏನೆಂದರೆ, ರನೌಟ್ ಇದ್ದ ಮಾತ್ರಕ್ಕೆ ಮೊದಲ ದಿನವೇ ನಡುಕ ಬರುವುದಿಲ್ಲ. ಹೆಚ್ಚಿನ ಕಾರುಗಳಲ್ಲಿರುವುದು ಜಾರುವ ಕ್ಯಾಲಿಪರ್, ಅದು ಡಿಸ್ಕಿನ ಜೊತೆ ತಾನೂ ಅತ್ತಿತ್ತ ಸರಿದು ಹೊಂದಿಕೊಂಡುಬಿಡುತ್ತದೆ. ಹೊಸ ಡಿಸ್ಕ್ ಹಾಕಿದ ದಿನ ಎಲ್ಲ ಚೆನ್ನಾಗಿರುವುದು ಇದೇ ಕಾರಣಕ್ಕೆ. ಆದರೆ ಬ್ರೇಕ್ ಒತ್ತದೆ ಸುಮ್ನೆ ಓಡುತ್ತಿರುವಾಗ ಪ್ಯಾಡ್‌ಗಳು ಡಿಸ್ಕಿಗೆ ತೀರಾ ಹತ್ತಿರದಲ್ಲೇ ಇರುತ್ತವೆ, ಓಲಾಡುವ ಡಿಸ್ಕಿನ ಉಬ್ಬಿದ ಭಾಗ ಪ್ರತಿ ಸುತ್ತಿನಲ್ಲೂ ಪ್ಯಾಡಿಗೆ ಸವರಿಕೊಂಡು ಹೋಗುತ್ತದೆ, ಸವರಿಸಿಕೊಂಡ ಜಾಗವೇ ಮತ್ತೆ ಮತ್ತೆ ಸವೆಯುತ್ತದೆ. ಲಕ್ಷಾಂತರ ಸುತ್ತು ಆದ ಮೇಲೆ ಆ ಜಾಗ ತೆಳುವಾಗಿರುತ್ತದೆ. ಆಗ ನಡುಕ ಶುರು. ಕೆಲವು ಸಾವಿರ ಕಿಲೋಮೀಟರ್ ಆದ ಮೇಲೆ ನಡುಕ ವಾಪಸ್ ಬಂತು ಅಂತ ಯಾರಾದರೂ ಹೇಳಿದರೆ ನನಗೆ ಮೊದಲು ಅನುಮಾನ ಬರುವುದು ಹಬ್ಬಿನ ಮೇಲೆ.

ಹಬ್ಬಿನ ಮೇಲೆ ಯಾಕೆ ಅಂದರೆ, ಲೆಕ್ಕ ಸುಲಭ. ಹಬ್ಬಿನ ಮುಖ 140 ಮಿಮೀ ಅಗಲ ಇದೆ ಅಂದುಕೊಳ್ಳಿ, ಡಿಸ್ಕ್ 280 ಮಿಮೀ. ಹಬ್ಬಿನ ಅಂಚಿನಲ್ಲಿ ಒಂದೇ ಕಡೆ 0.03 ಮಿಮೀ ದಪ್ಪದ ತುಕ್ಕಿನ ಚಕ್ಕೆ ಇದ್ದರೆ, ಡಿಸ್ಕಿನ ಹೊರ ಅಂಚಿಗೆ ಹೋಗುವಷ್ಟರಲ್ಲಿ ಆ ವಾಲುವಿಕೆ ಎರಡರಷ್ಟಾಗಿ 0.06 ಮಿಮೀ ಆಗುತ್ತದೆ. ಬಹಳ ಕಾರುಗಳಿಗೆ ಒಪ್ಪುವ ರನೌಟ್ ಮಿತಿ 0.05 ಮಿಮೀ ಆಸುಪಾಸಿನಲ್ಲಿದೆ. ಕಣ್ಣಿಗೆ ಕಾಣದಷ್ಟು ಸಣ್ಣ ಚಕ್ಕೆಯೊಂದು ಹೊಸ ಡಿಸ್ಕನ್ನು ಹಾಕಿದ ದಿನವೇ ಮಿತಿ ದಾಟಿಸಿರುತ್ತದೆ!

ವೀಲ್ ನಟ್ಟುಗಳ ಕಥೆಯೂ ಹೀಗೇ. ಏರ್ ಗನ್ನಿನಲ್ಲಿ ಒಂದು ನಟ್ಟು ವಿಪರೀತ ಬಿಗಿದು ಪಕ್ಕದ್ದು ಸಡಿಲ ಬಿಟ್ಟರೆ, ಡಿಸ್ಕಿನ ನಡುವಿನ ಟೋಪಿಯಂಥ ಭಾಗವೂ ಹಬ್ಬಿನ ಫ್ಲಾಂಜೂ ಒಂದಿಷ್ಟು ತಿರುಚಿಕೊಳ್ಳುತ್ತವೆ. ಪಂಕ್ಚರ್ ಹಾಕಿಸಿದ ಮೇಲೆ ಅಥವಾ ಟೈರ್ ಅದಲುಬದಲು ಮಾಡಿಸಿದ ಮೇಲೆ ದಿನ ಕಳೆದಂತೆ ನಡುಕ ಕಾಣಿಸಿಕೊಂಡರೆ ಇದನ್ನು ಯೋಚಿಸಲೇಬೇಕು.

ಎರಡನೇ ದಾರಿಯಲ್ಲಿ ಸವೆತವೇ ಬೇಡ. ಪ್ಯಾಡಿನ ವಸ್ತು ಡಿಸ್ಕಿಗೆ ಮೆತ್ತಿಕೊಂಡರೂ ದಪ್ಪ ಏರುಪೇರಾಗುತ್ತದೆ. ಪ್ಯಾಡಿನದೊಂದು ತೆಳು ಪದರ ಡಿಸ್ಕಿನ ಮೇಲೆ ಕೂರುವುದು ಸಹಜ, ಬೇಕಾದದ್ದೂ ಹೌದು. ಅದು ಎಲ್ಲ ಕಡೆ ಸಮನಾಗಿರಬೇಕು ಅಷ್ಟೇ. ಜೋರಾದ ವೇಗದಿಂದ ಗಟ್ಟಿಯಾಗಿ ಬ್ರೇಕ್ ಹೊಡೆದು ಕಾರು ನಿಲ್ಲಿಸಿ, ಕೆಂಡದಷ್ಟು ಕಾದ ಡಿಸ್ಕಿನ ಮೇಲೆ ಪ್ಯಾಡನ್ನು ಹಾಗೇ ಒತ್ತಿ ಹಿಡಿದರೆ, ಆ ಜಾಗದಲ್ಲಿ ಪ್ಯಾಡಿನ ಅಚ್ಚು ಬೀಳುತ್ತದೆ. ಮುಂದೆ ಆ ಅಚ್ಚಿನ ಜಾಗದಲ್ಲಿ ಉಜ್ಜಾಟ ಜಾಸ್ತಿ, ಬಿಸಿಯೂ ಜಾಸ್ತಿ, ಬಿಸಿ ಜಾಸ್ತಿಯಾದಷ್ಟೂ ಇನ್ನಷ್ಟು ವಸ್ತು ಅಲ್ಲೇ ಅಂಟುತ್ತದೆ. ಬಿಸಿ 650-700 ಡಿಗ್ರಿ ಸೆಲ್ಸಿಯಸ್ ದಾಟುವ ಮಟ್ಟಕ್ಕೆ ಹೋದರೆ ಆ ಜಾಗದ ಕಬ್ಬಿಣವೇ ಬದಲಾಗಿ ಸಿಮೆಂಟೈಟ್ ಅನ್ನುವ ತುಂಬಾ ಗಟ್ಟಿಯಾದ ರೂಪ ತಾಳುತ್ತದೆ. ಡಿಸ್ಕಿನ ಮೇಲೆ ನೀಲಿ ಅಥವಾ ಕಪ್ಪು ಮಚ್ಚೆಗಳು ಕಂಡರೆ ವಿಪರೀತ ಬಿಸಿಯಾಗಿದೆ ಅಂತ ಅರ್ಥ. ಆ ಗಟ್ಟಿ ಜಾಗ ಸುತ್ತಲಿನ ಕಬ್ಬಿಣದಷ್ಟು ಬೇಗ ಸವೆಯುವುದಿಲ್ಲ, ಹಾಗಾಗಿ ದಿನ ಹೋದಂತೆ ಉಬ್ಬಿ ನಿಲ್ಲುತ್ತದೆ.

ವಾರಗಟ್ಟಲೆ ನಿಂತ ಕಾರಿನಲ್ಲಿ ಇನ್ನೊಂದು ಬಗೆ ಇದೆ. ಒದ್ದೆ ಹವೆಯಲ್ಲಿ ಡಿಸ್ಕಿಗೆ ತುಕ್ಕು ಹಿಡಿಯುತ್ತದೆ. ಮೇಲ್ಮೈಯ ಕೆಂಪು ತುಕ್ಕು ನಾಲ್ಕಾರು ಸಲ ಬ್ರೇಕ್ ಒತ್ತಿದರೆ ಹೋಗುತ್ತದೆ, ಅದಕ್ಕೆ ಹೆದರಬೇಕಿಲ್ಲ. ಪ್ಯಾಡ್ ಕೂತಿದ್ದ ಜಾಗದಲ್ಲಿ ಮಾತ್ರ ಅದರದೇ ಆಕಾರದ ಗುರುತು ಉಳಿದುಬಿಡಬಹುದು, ಅದು ಆಳವಾಗಿದ್ದರೆ ಓಡಿಸಿದರೂ ಹೋಗುವುದಿಲ್ಲ.

ಓಡಿಸುವಾಗಲೇ ಏನು ಗೊತ್ತಾಗುತ್ತದೆ

ಚಕ್ರ ಬಿಚ್ಚುವ ಮೊದಲು ಕಾರೇ ಸುಮಾರು ವಿಷಯ ಹೇಳುತ್ತದೆ. ಖಾಲಿಯಾದ, ನೇರವಾದ, ಒಣಗಿದ ರಸ್ತೆ ಆರಿಸಿಕೊಳ್ಳಿ, ಹಿಂದೆ ಯಾರೂ ಬರುತ್ತಿರಬಾರದು.

ಮೊದಲು ಬ್ರೇಕ್ ಮುಟ್ಟದೆ ಓಡಿಸಿ. ಬ್ರೇಕ್ ಒತ್ತದೆಯೂ 80-100ರಲ್ಲಿ ಸ್ಟೀರಿಂಗ್ ನಡುಗುತ್ತಿದ್ದರೆ ಅದು ಹೆಚ್ಚಾಗಿ ವೀಲ್ ಬ್ಯಾಲೆನ್ಸಿಂಗ್, ಟೈರಿನ ಉಬ್ಬು ಅಥವಾ ಸೊಟ್ಟಗಾದ ರಿಮ್. ಅದನ್ನು ಮೊದಲು ಸರಿಪಡಿಸಿ, ಆಮೇಲೆ ಬ್ರೇಕಿನ ಮಾತು. ಎರಡೂ ಬೆರೆತುಹೋದರೆ ಯಾವುದು ಯಾವುದೆಂದು ತಿಳಿಯದೆ ಸುಮ್ನೆ ದುಡ್ಡು ಹೋಗುತ್ತದೆ.

ಬ್ರೇಕ್ ಒತ್ತಿದಾಗ ಮಾತ್ರ ನಡುಗಿದರೆ, ಎಲ್ಲಿ ನಡುಗುತ್ತದೆ ನೋಡಿ. ಸ್ಟೀರಿಂಗ್ ಎಡಬಲಕ್ಕೆ ಕುಲುಕಿದರೆ ಮುಂದಿನ ಚಕ್ರಗಳು. ಸ್ಟೀರಿಂಗ್ ಸುಮ್ಮನಿದ್ದು ಸೀಟು, ನೆಲ ನಡುಗಿದರೆ ಹಿಂದಿನವು. ಪೆಡಲ್ ಮಿಡಿತ ಎರಡೂ ಕಡೆಯಿಂದ ಬರಬಹುದು. ಇದು ಕಲ್ಲಿನಲ್ಲಿ ಕೆತ್ತಿದ ನಿಯಮ ಏನಲ್ಲ, ಆದರೆ ಶುರು ಮಾಡಲು ಒಳ್ಳೆಯ ಜಾಗ.

ಆಮೇಲೆ ಮಿಡಿತದ ಲಯ ಗಮನಿಸಿ. ಸಾಮಾನ್ಯ ಕಾರಿನ ಚಕ್ರ 100 ಕಿಮೀ ವೇಗದಲ್ಲಿ ಸೆಕೆಂಡಿಗೆ ಸುಮಾರು 14 ಸುತ್ತು ತಿರುಗುತ್ತದೆ, 40ರಲ್ಲಿ ಆರಕ್ಕಿಂತ ಕಡಿಮೆ. ಡಿಸ್ಕಿನ ತೊಂದರೆ ಸುತ್ತಿನ ಲೆಕ್ಕದಲ್ಲೇ ಬರುವುದರಿಂದ ಕಾರು ನಿಧಾನವಾದಂತೆ ಮಿಡಿತವೂ ನಿಧಾನವಾಗಬೇಕು. ಸಸ್ಪೆನ್ಷನ್ನು, ಸ್ಟೀರಿಂಗು ಎಲ್ಲ ಸೇರಿ ಸೆಕೆಂಡಿಗೆ ಹತ್ತಿಪ್ಪತ್ತು ಸಲದ ಅಲುಗಾಟಕ್ಕೆ ಬೇಗ ಸ್ಪಂದಿಸುತ್ತವೆ, ಹಾಗಾಗಿ 80ರಿಂದ 110ರ ನಡುವೆ ನಡುಕ ಜೋರಾಗಿ, ಕೆಳಗೆ ಬಂದ ಮೇಲೆ ಮಾಯವಾದಂತೆ ಕಾಣುತ್ತದೆ. ನಿಧಾನಕ್ಕೆ ಹೋಗುವಾಗ ಇಲ್ಲ ಅಂದ ಮಾತ್ರಕ್ಕೆ ದೋಷ ಇಲ್ಲ ಅಂತ ಅಲ್ಲ.

ಎಬಿಎಸ್ (ಚಕ್ರ ಲಾಕ್ ಆಗದಂತೆ ತಡೆಯುವ ವ್ಯವಸ್ಥೆ) ಕೂಡ ಪೆಡಲನ್ನು ಗರಗರ ಅನ್ನಿಸುತ್ತದೆ. ಅದು ತುರ್ತು ಬ್ರೇಕಿನಲ್ಲೋ, ಮರಳು, ಜಲ್ಲಿ, ಒದ್ದೆ ರಸ್ತೆಯಲ್ಲೋ ಚಕ್ರ ಜಾರತೊಡಗಿದಾಗ ಬರುತ್ತದೆ, ಅದರ ಲಯ ವೇಗದ ಜೊತೆ ಹೀಗೆ ನಿಧಾನವಾಗುವುದಿಲ್ಲ. ಆಗ ಕಾಲು ತೆಗೆಯಬೇಡಿ, ಗಟ್ಟಿಯಾಗಿ ಒತ್ತಿಯೇ ಇರಿ. ಅದು ತನ್ನ ಕೆಲಸ ಮಾಡುತ್ತಿದೆ. ಆದರೆ ಒಣ ರಸ್ತೆಯಲ್ಲಿ ಮೆಲ್ಲಗೆ ಬ್ರೇಕ್ ಒತ್ತಿ, ಇನ್ನೇನು ಕಾರು ನಿಲ್ಲಬೇಕು ಅನ್ನುವಾಗ 5-10 ಕಿಮೀ ವೇಗದಲ್ಲಿ ಪೆಡಲ್ ಗರಗರ ಅಂದರೆ ಚಕ್ರದ ವೇಗ ಅಳೆಯುವ ವೀಲ್ ಸ್ಪೀಡ್ ಸೆನ್ಸರ್ ಅಥವಾ ಅದು ಓದುವ ರಿಂಗ್ ಕಡೆ ನೋಡಬೇಕು. ರಿಂಗ್ ಬಿರುಕು ಬಿಟ್ಟಿದ್ದರೆ, ಕೊಳೆ ತುಂಬಿದ್ದರೆ ಚಕ್ರ ಜಾರುತ್ತಿದೆ ಅಂತ ಎಬಿಎಸ್ ತಪ್ಪು ತಿಳಿಯುತ್ತದೆ. ಎಷ್ಟೋ ಒಳ್ಳೆಯ ಡಿಸ್ಕುಗಳು ಈ ಗೊಂದಲದಲ್ಲಿ ಗುಜರಿ ಸೇರುತ್ತವೆ. ಸ್ಕ್ಯಾನರ್ ಹಾಕಿ ನಾಲ್ಕೂ ಚಕ್ರದ ವೇಗ ನೋಡಿದರೆ ಯಾವುದು ಸುಳ್ಳು ಹೇಳುತ್ತಿದೆ ಅಂತ ಗೊತ್ತಾಗುತ್ತದೆ.

ಹಿಂದೆ ಡ್ರಮ್ ಬ್ರೇಕ್ ಇದ್ದು ಕೈಯಿಂದ ಎಳೆಯುವ ಹ್ಯಾಂಡ್‌ಬ್ರೇಕ್ ಇದ್ದರೆ ಇನ್ನೊಂದು ಪರೀಕ್ಷೆ ಮಾಡಬಹುದು. ಖಾಲಿ ಜಾಗದಲ್ಲಿ 30-40 ಕಿಮೀ ವೇಗದಲ್ಲಿ, ಲಿವರಿನ ಬಟನ್ ಒತ್ತಿಹಿಡಿದುಕೊಂಡೇ, ನಿಧಾನವಾಗಿ ಒಂದಿಷ್ಟು ಎಳೆಯಿರಿ. ಹ್ಯಾಂಡ್‌ಬ್ರೇಕ್ ಹಿಂದಿನ ಚಕ್ರಗಳನ್ನಷ್ಟೇ ಹಿಡಿಯುವ ಕಾರಿನಲ್ಲಿ ಆಗ ನಡುಕ ಬಂದರೆ ಡ್ರಮ್ ದುಂಡಗಿಲ್ಲ ಅಂತ ಹೇಳಬಹುದು. ಬಟನ್ ಬಿಟ್ಟರೆ ಲಿವರ್ ಅಲ್ಲೇ ಸಿಕ್ಕಿಹಾಕಿಕೊಂಡು ಚಕ್ರ ಲಾಕ್ ಆಗಬಹುದು, ಎಚ್ಚರ. ಸ್ವಿಚ್ ಇರುವ ಎಲೆಕ್ಟ್ರಾನಿಕ್ ಪಾರ್ಕಿಂಗ್ ಬ್ರೇಕಿನಲ್ಲಿ ಇದನ್ನು ಮಾಡಲೇಬೇಡಿ. ಹಿಂದೆ ಡಿಸ್ಕ್ ಇರುವ ಕೆಲವು ಕಾರುಗಳಲ್ಲಿ ಹ್ಯಾಂಡ್‌ಬ್ರೇಕಿಗೆ ಅಂತಲೇ ಡಿಸ್ಕಿನ ಒಳಗೆ ಪುಟ್ಟ ಡ್ರಮ್ ಇರುತ್ತದೆ, ಅಲ್ಲಿ ಈ ಪರೀಕ್ಷೆ ಡಿಸ್ಕಿನ ಬಗ್ಗೆ ಏನೂ ಹೇಳುವುದಿಲ್ಲ.

ಚಕ್ರ ಬಿಚ್ಚಿದ ಮೇಲೆ

ಬರೀ ಜ್ಯಾಕ್ ನಂಬಿ ಕೆಲಸ ಮಾಡಬೇಡಿ. ಸಮತಟ್ಟಾದ ಗಟ್ಟಿ ನೆಲ, ಸ್ಟ್ಯಾಂಡ್, ಮಿಕ್ಕ ಚಕ್ರಗಳಿಗೆ ಅಡ್ಡ ಕಟ್ಟೆ, ಇಷ್ಟೂ ಇರಬೇಕು. ಬ್ರೇಕಿನ ಧೂಳನ್ನು ಗಾಳಿಯಿಂದ ಊದಬೇಡಿ, ಬ್ರೇಕ್ ಕ್ಲೀನರಿನಿಂದ ತೊಳೆಯಿರಿ. ಆ ಧೂಳು ಶ್ವಾಸಕೋಶಕ್ಕೆ ಹೋಗಬಾರದು.

ಚಕ್ರ ತೆಗೆಯುವ ಮೊದಲೇ ಅದನ್ನು ಮೇಲೆ ಕೆಳಗೆ ಹಿಡಿದು ಅಲುಗಾಡಿಸಿ, ಆಮೇಲೆ ಎಡಬಲಕ್ಕೆ ಹಿಡಿದು ಅಲುಗಾಡಿಸಿ. ಮೇಲೆ ಕೆಳಗೆ ಆಟ ಇದ್ದರೆ ವೀಲ್ ಬೇರಿಂಗ್ ಅಥವಾ ಬಾಲ್ ಜಾಯಿಂಟ್, ಎಡಬಲಕ್ಕೆ ಮಾತ್ರ ಆಟ ಇದ್ದರೆ ಹೆಚ್ಚಾಗಿ ಟೈ ರಾಡ್. ಲೋವರ್ ಆರ್ಮಿನ (ಚಕ್ರವನ್ನು ಕೆಳಗಿನಿಂದ ಹಿಡಿದಿರುವ ಸಸ್ಪೆನ್ಷನ್ ತೋಳು) ರಬ್ಬರ್ ಬುಷ್ ಹರಿದಿದೆಯಾ ನೋಡಿ. ಹರಿದ ಬುಷ್ ತಾನಾಗಿ ನಡುಕ ಹುಟ್ಟಿಸುವುದು ಕಡಿಮೆ, ಆದರೆ ಗಮನಕ್ಕೇ ಬಾರದಷ್ಟು ಸಣ್ಣ ನಡುಕವನ್ನು ಸ್ಟೀರಿಂಗ್ ತನಕ ದೊಡ್ಡದು ಮಾಡಿ ತಲುಪಿಸುತ್ತದೆ. ಡಿಸ್ಕ್ ಎರಡು ಸಲ ಬದಲಿಸಿದರೂ ಗುಣವಾಗದ ಕಾರುಗಳಲ್ಲಿ ಈ ಬುಷ್ಷುಗಳನ್ನು ಒಮ್ಮೆ ಚೆನ್ನಾಗಿ ಲಿವರ್ ಹಾಕಿ ಮೀಟಿ ನೋಡಬೇಕು.

ಪ್ಯಾಡ್ ಸವೆದಿರುವ ರೀತಿಯಲ್ಲೂ ಸುದ್ದಿ ಇರುತ್ತದೆ. ಒಂದೇ ಚಕ್ರದಲ್ಲಿ ಒಳಗಿನ ಪ್ಯಾಡ್ ಪೂರ್ತಿ ಸವೆದು ಹೊರಗಿನದು ದಪ್ಪವಾಗೇ ಇದ್ದರೆ ಕ್ಯಾಲಿಪರಿನ ಜಾರುವ ಪಿನ್ನುಗಳು ಸಿಕ್ಕಿಹಾಕಿಕೊಂಡಿವೆ. ಎಡ ಚಕ್ರದ ಎರಡೂ ಪ್ಯಾಡ್ ಸವೆದು ಬಲದ್ದು ಚೆನ್ನಾಗಿದ್ದರೆ ಎಡ ಕಡೆಯ ಪಿಸ್ಟನ್ ವಾಪಸ್ ಹೋಗುತ್ತಿಲ್ಲ, ಇಲ್ಲವೇ ರಬ್ಬರ್ ಹೋಸಿನ ಒಳಪದರ ಕಟ್ಟಿಕೊಂಡು ಆಯಿಲ್ಲನ್ನು ಹಿಂದಕ್ಕೆ ಬಿಡುತ್ತಿಲ್ಲ. ಸಿಕ್ಕಿಹಾಕಿಕೊಂಡ ಕ್ಯಾಲಿಪರ್ ಅಂದರೆ ಪ್ಯಾಡ್ ಯಾವಾಗಲೂ ಡಿಸ್ಕಿಗೆ ತಾಗಿಯೇ ಇದೆ ಅಂತ, ಅಲ್ವಾ? ಡಿಸ್ಕ್ ಕಾಯುತ್ತಲೇ ಇರುತ್ತದೆ, ಮೈಲೇಜ್ ಬೀಳುತ್ತದೆ, ನಡುಕ ಬರುವುದು ಕೊನೆಗೆ. ಒಂದಷ್ಟು ದೂರ ಬ್ರೇಕ್ ಕಡಿಮೆ ಬಳಸಿ ಓಡಿಸಿ, ನಿಲ್ಲಿಸಿದ ತಕ್ಷಣ ಇನ್ಫ್ರಾರೆಡ್ ಥರ್ಮಾಮೀಟರಿನಲ್ಲಿ ಎಡಬಲ ಡಿಸ್ಕಿನ ಬಿಸಿ ಹೋಲಿಸಿದರೆ ಇದು ಥಟ್ಟನೆ ಕಾಣುತ್ತದೆ. ಕೈಯಿಂದ ಮುಟ್ಟಿ ನೋಡಲು ಹೋಗಬೇಡಿ.

ಈಗ ಅಳತೆ. ಇದನ್ನು ಮಾಡುವ ಗ್ಯಾರೇಜ್ ಕಡಿಮೆ, ಆದರೆ ಈ ಇಡೀ ವಿಷಯದಲ್ಲಿ ನನಗೆ ತುಂಬಾ ಮುಖ್ಯ ಅನ್ನಿಸುವುದು ಇದೇ. ಬೇಕಾದ್ದು ಎರಡು ಸಲಕರಣೆ, ಓಲಾಟ ಅಳೆಯುವ ಡಯಲ್ ಗೇಜ್ ಮತ್ತು ದಪ್ಪ ಅಳೆಯುವ ಮೈಕ್ರೋಮೀಟರ್. ಚಕ್ರ ತೆಗೆದ ಮೇಲೆ ಡಿಸ್ಕ್ ಹಬ್ಬಿನ ಮೇಲೆ ಸಡಿಲವಾಗಿರುತ್ತದೆ, ಹಾಗಾಗಿ ವಾಷರ್ ಹಾಕಿ ಎಲ್ಲ ನಟ್ಟುಗಳನ್ನೂ ವಾಪಸ್ ಬಿಗಿಯಬೇಕು, ಇಲ್ಲದಿದ್ದರೆ ಅಳತೆ ಸುಳ್ಳು. ಡಯಲ್ ಗೇಜನ್ನು ಸ್ಟ್ರಟ್ಟಿಗೋ (ಸಸ್ಪೆನ್ಷನ್ನಿನ ಕಂಬ) ನಕಲ್ಲಿಗೋ (ಹಬ್ಬನ್ನು ಹಿಡಿದಿರುವ ಭಾಗ) ಕಚ್ಚಿಸಿ, ಅದರ ಮೊನೆಯನ್ನು ಡಿಸ್ಕಿನ ಹೊರ ಅಂಚಿನಿಂದ 10-15 ಮಿಮೀ ಒಳಗೆ ಇಟ್ಟು, ಗೇರ್ ನ್ಯೂಟ್ರಲ್ ಮಾಡಿ, ಡಿಸ್ಕನ್ನು ಕೈಯಿಂದ ನಿಧಾನವಾಗಿ ಒಂದು ಸುತ್ತು ತಿರುಗಿಸಿ. ಮುಳ್ಳು ಅತಿ ಕೆಳಗಿನಿಂದ ಅತಿ ಮೇಲಕ್ಕೆ ಎಷ್ಟು ಓಡಿತೋ ಅದೇ ರನೌಟ್. ನಿಮ್ಮ ಕಾರಿನ ಮಿತಿ ಸರ್ವಿಸ್ ಮ್ಯಾನುಯಲ್ಲಿನಲ್ಲಿ ಇರುತ್ತದೆ.

ಮಿತಿ ದಾಟಿದ್ದರೆ ತಪ್ಪು ಡಿಸ್ಕಿನದೋ ಹಬ್ಬಿನದೋ ಅಂತ ತಿಳಿಯಲು ಒಂದು ಸುಲಭದ ದಾರಿ ಇದೆ. ಉಬ್ಬಿದ ಜಾಗಕ್ಕೆ ಡಿಸ್ಕಿನ ಮೇಲೂ ಹಬ್ಬಿನ ಮೇಲೂ ಚಾಕ್‌ಪೀಸ್ ಗುರುತು ಹಾಕಿ, ಡಿಸ್ಕ್ ಬಿಚ್ಚಿ ಅರ್ಧ ಸುತ್ತು ತಿರುಗಿಸಿ ಮತ್ತೆ ಕೂರಿಸಿ ಅಳೆಯಿರಿ. ಉಬ್ಬು ಡಿಸ್ಕಿನ ಗುರುತಿನ ಜೊತೆ ಹೋದರೆ ಡಿಸ್ಕಿನದು, ಹಬ್ಬಿನ ಗುರುತಿನ ಹತ್ತಿರವೇ ಉಳಿದರೆ ಹಬ್ಬು ಅಥವಾ ಬೇರಿಂಗ್.

ದಪ್ಪ ಅಳೆಯಲು ಮೈಕ್ರೋಮೀಟರೇ ಬೇಕು. ಸವೆದ ಡಿಸ್ಕಿನ ಹೊರ ಅಂಚಿನಲ್ಲಿ ಒಂದು ಏಣು ಉಳಿದಿರುತ್ತದೆ, ವರ್ನಿಯರ್ ಅಳತೆಗೋಲು ಅದರ ಮೇಲೆ ಕೂತು ಏಣಿನ ದಪ್ಪವನ್ನೇ ತೋರಿಸುತ್ತದೆ. ಡಿಸ್ಕಿನ ಸುತ್ತ ಎಂಟು ಕಡೆ, ಅಂಚಿನಿಂದ ಒಂದೇ ದೂರದಲ್ಲಿ ಅಳೆದು ಬರೆದುಕೊಳ್ಳಿ. ಎಲ್ಲಕ್ಕಿಂತ ದಪ್ಪ ಮತ್ತು ಎಲ್ಲಕ್ಕಿಂತ ತೆಳು ಅಳತೆಗಳ ವ್ಯತ್ಯಾಸ 0.02 ಮಿಮೀ ಮುಟ್ಟಿದ್ದರೆ ನಡುಕದ ಕಾರಣ ಸಿಕ್ಕಿತು ಅಂದುಕೊಳ್ಳಬಹುದು. ಡಿಸ್ಕಿನ ಮೇಲೆಯೇ ಕನಿಷ್ಠ ದಪ್ಪ ಎಷ್ಟು ಅಂತ ಅಚ್ಚಾಗಿರುತ್ತದೆ, ಅದನ್ನೂ ಹೋಲಿಸಿ ನೋಡಿ.

ಸರಿಪಡಿಸುವುದು

ಡಿಸ್ಕ್ ಕನಿಷ್ಠ ದಪ್ಪಕ್ಕೆ ಇಳಿದಿದ್ದರೆ, ಬಿರುಕು ಬಿಟ್ಟಿದ್ದರೆ, ಬದಲಿಸುವುದೊಂದೇ ದಾರಿ. ಗಟ್ಟಿ ಮಚ್ಚೆಗಳಾಗಿದ್ದರೂ ನನ್ನ ಸಲಹೆ ಅದೇ. ಸಿಮೆಂಟೈಟ್ ಮೇಲ್ಮೈಯಿಂದ ಕೆಳಗೂ ಇಳಿದಿರುತ್ತದೆ, ಲೇತಿನಲ್ಲಿ ಮೇಲೆ ಸವರಿದರೆ ಕೆಲವು ದಿನ ಚೆನ್ನಾಗಿದ್ದು ಮತ್ತೆ ಎದ್ದು ನಿಲ್ಲುತ್ತದೆ.

ದಪ್ಪ ಇನ್ನೂ ಸಾಕಷ್ಟಿದ್ದರೆ ಸ್ಕಿಮ್ಮಿಂಗ್, ಅಂದರೆ ಲೇತಿನಲ್ಲಿ ಮೇಲ್ಮೈ ಸವರಿ ಸಮ ಮಾಡುವ ಕೆಲಸ, ಮಾಡಿಸಬಹುದು. ಕಾರಿನ ಮೇಲೇ ಕೂರಿಸಿ ಸವರುವ ಲೇತ್ ಸಿಕ್ಕರೆ ಬಹಳ ಒಳ್ಳೆಯದು, ಹಬ್ಬಿನ ಸಣ್ಣಪುಟ್ಟ ಓಲಾಟವನ್ನೂ ಅದು ಲೆಕ್ಕಕ್ಕೆ ತೆಗೆದುಕೊಂಡು ಡಿಸ್ಕನ್ನು ಆ ಹಬ್ಬಿಗೇ ಹೊಂದುವಂತೆ ಮಾಡುತ್ತದೆ. ಬೆಂಚ್ ಲೇತಿನಲ್ಲಿ ಎಷ್ಟೇ ಚೆನ್ನಾಗಿ ಸವರಿದರೂ ವಾಪಸ್ ತುಕ್ಕು ಹಿಡಿದ ಹಬ್ಬಿನ ಮೇಲೆ ಕೂರಿಸಿದರೆ ಪ್ರಯೋಜನ ಇಲ್ಲ. ಸವರಿದ ಮೇಲೂ ಕನಿಷ್ಠ ದಪ್ಪಕ್ಕಿಂತ ಜಾಸ್ತಿ ಉಳಿಯಬೇಕು, ಯಾಕೆಂದರೆ ತೆಳು ಡಿಸ್ಕ್ ಬಿಸಿಯನ್ನು ತಡೆದುಕೊಳ್ಳುವುದು ಕಡಿಮೆ. ಪ್ಯಾಡಿನ ವಸ್ತು ಮೆತ್ತಿಕೊಂಡಿರುವುದಷ್ಟೇ ತೊಂದರೆಯಾಗಿದ್ದು, ಅದೂ ಇತ್ತೀಚಿನದಾಗಿದ್ದರೆ, ಖಾಲಿ ರಸ್ತೆಯಲ್ಲಿ ಕೆಲವು ಸಲ ಗಟ್ಟಿಯಾಗಿ ವೇಗ ಇಳಿಸಿದರೂ ಅದು ಉಜ್ಜಿಹೋಗಬಹುದು.

ಹೊಸದು ಹಾಕಲಿ, ಹಳೆಯದೇ ಹಾಕಲಿ, ಹಬ್ಬಿನ ಮುಖ ಕ್ಲೀನ್ ಆಗಲೇಬೇಕು. ವೈರ್ ಬ್ರಷ್, ಸ್ಯಾಂಡ್ ಪೇಪರ್ ಅಥವಾ ಇದಕ್ಕೆಂದೇ ಸಿಗುವ ತಿರುಗುವ ಪ್ಯಾಡಿನಿಂದ ಲೋಹ ಹೊಳೆಯುವ ತನಕ ಉಜ್ಜಿ. ಸ್ಟಡ್ಡುಗಳ ಬುಡ ಎಲ್ಲರೂ ಮರೆಯುವ ಜಾಗ, ತುಕ್ಕು ಕೂತಿರುವುದೇ ಅಲ್ಲಿ. ನಡುವಿನ ಉಬ್ಬಿನ ಸುತ್ತಲೂ ಬಿಡಬೇಡಿ. ಹಳೆಯ ಡಿಸ್ಕ್ ವಾಪಸ್ ಹಾಕುವುದಾದರೆ ಅದರ ಒಳಮುಖಕ್ಕೂ ಇದೇ ಉಪಚಾರ, ಅಲಾಯ್ ವೀಲ್ ತಾಗುವ ಜಾಗಕ್ಕೂ ಅಷ್ಟೇ. ಹೊಸ ಡಿಸ್ಕಿನ ಮೇಲೆ ತುಕ್ಕು ಬಾರದಿರಲಿ ಅಂತ ಎಣ್ಣೆ ಸವರಿರುತ್ತಾರೆ, ಬ್ರೇಕ್ ಕ್ಲೀನರಿನಿಂದ ಪೂರ್ತಿ ಒರೆಸಿ ತೆಗೆಯಿರಿ, ಇಲ್ಲದಿದ್ದರೆ ಹೊಸ ಪ್ಯಾಡೂ ಎಣ್ಣೆ ಕುಡಿದು ಹಾಳಾಗುತ್ತದೆ. ಕೂರಿಸಿದ ಮೇಲೆ ಡಯಲ್ ಗೇಜಿನಲ್ಲಿ ಮತ್ತೊಮ್ಮೆ ಅಳೆಯಿರಿ. ಮಿತಿಗಿಂತ ಸ್ವಲ್ಪ ಜಾಸ್ತಿ ಬಂದರೆ ಡಿಸ್ಕನ್ನು ಒಂದೊಂದೇ ತೂತು ಸರಿಸಿ ಕೂರಿಸಿ ನೋಡಿ. ಹಬ್ಬಿನ ವಾಲು ಮತ್ತು ಡಿಸ್ಕಿನ ವಾಲು ಒಂದನ್ನೊಂದು ಕಳೆದುಕೊಳ್ಳುವ ಜಾಗ ಸಿಕ್ಕರೆ ಅಳತೆ ಅಚ್ಚರಿಯಾಗುವಷ್ಟು ಇಳಿಯುತ್ತದೆ. ಹತ್ತು ನಿಮಿಷದ ಈ ಕೆಲಸ ಡಿಸ್ಕಿನ ಆಯುಷ್ಯವನ್ನೇ ಬದಲಿಸುತ್ತದೆ, ದಯವಿಟ್ಟು ಬಿಡಬೇಡಿ.

ಡಿಸ್ಕನ್ನು ಯಾವಾಗಲೂ ಜೋಡಿಯಾಗಿ, ಎಡಬಲ ಎರಡೂ ಬದಲಿಸಬೇಕು, ಜೊತೆಗೆ ಪ್ಯಾಡನ್ನೂ. ಹಳೆಯ ಪ್ಯಾಡಿನ ಮೇಲ್ಮೈ ಹಳೆಯ ಡಿಸ್ಕಿನ ಗೀರಿಗೆ ಹೊಂದಿಕೊಂಡಿರುತ್ತದೆ.

ಕ್ಯಾಲಿಪರ್ ಪಿನ್ನುಗಳನ್ನು ಹೊರಗೆ ತೆಗೆದು ಒರೆಸಿ, ಬ್ರೇಕಿಗೆಂದೇ ಬರುವ ಸಿಲಿಕೋನ್ ಗ್ರೀಸ್ ಹಚ್ಚಿ. ಮಾಮೂಲಿ ಗ್ರೀಸ್ ಬೇಡ, ಪೆಟ್ರೋಲಿಯಂ ಎಣ್ಣೆ ತಾಗಿದರೆ ರಬ್ಬರ್ ಊದಿಕೊಂಡು ಪಿನ್ ಇನ್ನಷ್ಟು ಸಿಕ್ಕಿಹಾಕಿಕೊಳ್ಳುತ್ತದೆ. ಪಿನ್ನನ್ನು ಮುಚ್ಚುವ ರಬ್ಬರ್ ಬೂಟು ಹರಿದಿದ್ದರೆ ಬದಲಿಸಿ. ಪಿನ್ನು ಬೆರಳಿನಿಂದ ಒತ್ತಿದರೆ ಸರಾಗ ಜಾರಬೇಕು. ಕೆಲಸ ಮಾಡುವಾಗ ಕ್ಯಾಲಿಪರನ್ನು ಹೋಸಿನಿಂದ ನೇತಾಡಲು ಬಿಡದೆ ತಂತಿಯಿಂದ ಕಟ್ಟಿ ತೂಗುಹಾಕಿ.

ಕೊನೆಗೆ ನಟ್ಟು. ನಕ್ಷತ್ರದ ಆಕಾರದಲ್ಲಿ, ಎದುರುಬದುರಾಗಿ, ಎರಡು ಹಂತದಲ್ಲಿ ಬಿಗಿಯಬೇಕು, ಮುಗಿಸುವುದು ಟಾರ್ಕ್ ರೆಂಚಿನಿಂದ. ಬಹಳ ಕಾರುಗಳಿಗೆ 90ರಿಂದ 120 ನ್ಯೂಟನ್ ಮೀಟರ್ ನಡುವೆ ಇರುತ್ತದೆ, ನಿಮ್ಮ ಕಾರಿನ ನಿಖರ ಸಂಖ್ಯೆ ಮಾಲೀಕರ ಕೈಪಿಡಿಯಲ್ಲಿ ಸಿಗುತ್ತದೆ. 50-100 ಕಿಮೀ ಓಡಿಸಿದ ಮೇಲೆ ಇನ್ನೊಮ್ಮೆ ರೆಂಚ್ ಇಟ್ಟು ನೋಡಿ. ಟೈರ್ ಅಂಗಡಿಯವರು ಗನ್ ಎತ್ತಿಕೊಂಡರೆ "ಕೊನೆಗೆ ಟಾರ್ಕ್ ರೆಂಚಿನಲ್ಲೇ ಬಿಗಿಯಿರಿ" ಅಂತ ಕೇಳುವುದಕ್ಕೆ ಸಂಕೋಚ ಬೇಡ.

ಹೊಸ ಪ್ಯಾಡು, ಡಿಸ್ಕು ಒಂದಕ್ಕೊಂದು ಹೊಂದಿಕೊಳ್ಳಬೇಕು. ಪ್ಯಾಡ್ ಕಂಪನಿ ತನ್ನದೇ ಕ್ರಮ ಹೇಳಿದ್ದರೆ ಅದನ್ನೇ ಪಾಲಿಸಿ. ಇಲ್ಲದಿದ್ದರೆ ಖಾಲಿ ರಸ್ತೆಯಲ್ಲಿ 60ರಿಂದ 20ಕ್ಕೆ, ಜೋರೂ ಅಲ್ಲದ ಮೆಲ್ಲಗೂ ಅಲ್ಲದ ಒತ್ತಡದಲ್ಲಿ ಹತ್ತು ಸಲ ವೇಗ ಇಳಿಸಿ. ಪ್ರತಿ ಸಲದ ನಡುವೆ ಅರ್ಧ ನಿಮಿಷ ಓಡಿಸಿ ಆರಲು ಬಿಡಿ. ಪೂರ್ತಿ ನಿಲ್ಲಿಸಬೇಡಿ. ಆಮೇಲೆ ಕೆಲವು ಕಿಲೋಮೀಟರ್ ಬ್ರೇಕ್ ಹೆಚ್ಚು ಮುಟ್ಟದೆ ಓಡಿಸಿ, ಕಾದ ಬ್ರೇಕಿನಲ್ಲಿ ಹಾಗೇ ನಿಲ್ಲಿಸಿದರೆ ಆಗಲೇ ಹೇಳಿದ ಅಚ್ಚು ಬೀಳುತ್ತದೆ. ಇಳಿಜಾರಿನಲ್ಲಿ ಕೆಳಗಿನ ಗೇರಿನಲ್ಲಿ ಇಳಿಯುವುದು ಡಿಸ್ಕನ್ನು ಉಳಿಸಲು ಬಹಳ ಸಹಾಯ.

ಯಾವಾಗ ಓಡಿಸಲೇಬಾರದು

ನಿಧಾನವಾಗಿ ಬೆಳೆದ ಸಣ್ಣ ನಡುಕದಲ್ಲಿ ಗ್ಯಾರೇಜ್ ತನಕ ಹುಷಾರಾಗಿ ಹೋಗಬಹುದು. ಆದರೆ ಚಕ್ರ ಬಿಚ್ಚಿ ಹಾಕಿಸಿದ ಸ್ವಲ್ಪ ಹೊತ್ತಿಗೇ ಜೋರು ನಡುಕ ಶುರುವಾದರೆ ಪಕ್ಕಕ್ಕೆ ನಿಲ್ಲಿಸಿ, ನಟ್ಟು ಸಡಿಲ ಇರಬಹುದು. ಲೋಹಕ್ಕೆ ಲೋಹ ಉಜ್ಜುವ ಕರ್ಕಶ ಸದ್ದು ಬಂದರೆ, ಒಂದು ಚಕ್ರದಿಂದ ಹೊಗೆ ಅಥವಾ ಸುಟ್ಟ ವಾಸನೆ ಬಂದರೆ, ಬ್ರೇಕ್ ಒತ್ತಿದಾಗ ಕಾರು ಒಂದು ಕಡೆ ಎಳೆದರೆ, ಪೆಡಲ್ ಮೆತ್ತಗಾಗಿ ಕೆಳಗೆ ಹೋಗುತ್ತಿದ್ದರೆ ಅಲ್ಲಿಂದ ಮುಂದೆ ಟೋಯಿಂಗ್ ಮಾತ್ರ. ಮೆತ್ತಗಿನ ಪೆಡಲಿಗೂ ನಡುಕಕ್ಕೂ ಕಾರಣ ಬೇರೆ, ಒಂದು ಆಯಿಲಿನ ಕಡೆಯದು, ಇನ್ನೊಂದು ಡಿಸ್ಕಿನ ಕಡೆಯದು. ಬ್ರೇಕ್ ಆಯಿಲ್ ಬದಲಿಸಿದರೆ ನಡುಕ ಹೋಗುತ್ತದೆ ಅಂತ ಯಾರಾದರೂ ಹೇಳಿದರೆ ನಂಬಬೇಡಿ. ಗ್ಯಾರೇಜಿಗೆ ಹೋದಾಗ "ಡಿಸ್ಕ್ ಬದಲಿಸಿ" ಅನ್ನುವ ಬದಲು ಎಷ್ಟು ವೇಗದಲ್ಲಿ, ಎಲ್ಲಿ ನಡುಗುತ್ತದೆ, ಯಾವ ಕೆಲಸ ಮಾಡಿಸಿದ ಮೇಲೆ ಶುರುವಾಯಿತು ಅಂತ ಹೇಳಿ, ರನೌಟ್ ಎಷ್ಟು ಬಂತು ಅಂತ ಸಂಖ್ಯೆ ಕೇಳಿ ಬಿಲ್ಲಿನ ಹಿಂದೆ ಬರೆಸಿಕೊಳ್ಳಿ.